ನಾಲ್ಕೇ ಸೂಜಿ

ಆಪರೇಷನ್ ಥಿಯೇಟರಿನ ಹಿರಿಯ ನರ್ಸ್ ಎದುರಿಗೆ ಎಲ್ಲರಿಗೂ ಸಿಸ್ಟರ್, ಬೆನ್ನ ಹಿಂದೆ ಲೆಕ್ಕದಕ್ಕ. ಈ ಅಡ್ಡಹೆಸರು ಅವಳ ಕಿವಿಗೂ ಬಿದ್ದಿತ್ತು. ಕೇಳಿಸದವಳ ಹಾಗೆ ಇದ್ದಳು, ಆದರೆ ಒಳಗೊಳಗೇ ಹಿಗ್ಗಿದ್ದಳು. ರೋಗಿಯ ಹೊಟ್ಟೆ ಹೊಲಿದು ಮುಚ್ಚುವ ಮುಂಚೆ ಸೂಜಿ ಎಷ್ಟು, ಕತ್ತರಿ ಎಷ್ಟು, ಬಟ್ಟೆಯ ತುಂಡು ಎಷ್ಟು ಅಂತ ಎಣಿಸಿ, ಶುರುವಿನಲ್ಲಿ ಇದ್ದಷ್ಟೇ ಈಗಲೂ ಇದೆ ಎಂದು ಹೇಳುವುದು ಅವಳ ಕೆಲಸ. ಅವಳ ಬಾಯಿಂದ ಆ ಮಾತು ಬರುವ ತನಕ ಎಂಥ ಘಟಾನುಘಟಿ ಸರ್ಜನ್ ಆದರೂ ಕೈ ಕಟ್ಟಿಕೊಂಡು ನಿಲ್ಲಬೇಕು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ. ಹಾಗಾಗಿ ಯಾರೂ ಅವಳನ್ನು ಎದುರು ಪ್ರಶ್ನೆ ಕೇಳುತ್ತಲೂ ಇರಲಿಲ್ಲ.

ಈ ಶಿಸ್ತು ಅವಳಿಗೆ ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಸೂಜಿ ಕಾಣೆಯಾಗಿತ್ತು. ಆಗಿನ ಹಿರಿಯ ಸಿಸ್ಟರ್ ಮಹಾ ಸಿಡುಕಿ. ಇವಳನ್ನು ಮಂಡಿಯೂರಿಸಿ ಕೂರಿಸಿ, ನೆಲ, ಗೋಡೆಯ ಮೂಲೆ, ಕಸದ ಬುಟ್ಟಿ ಎಲ್ಲವನ್ನೂ ಜಾಲಾಡಿಸಿದ್ದರು. ಮುಕ್ಕಾಲು ಗಂಟೆಯ ಮೇಲೆ ಸೂಜಿ ಸಿಕ್ಕಿದ್ದು ಸರ್ಜನ್ನರ ಚಪ್ಪಲಿಯ ಅಡಿಯಲ್ಲಿ. "ಸಿಕ್ತಲ್ಲ, ಈಗ ಅಳು," ಅಂದಿದ್ದರು ಆ ಮಹಾತಾಯಿ. ಅವತ್ತಿನಿಂದ ಎಣಿಸುವುದು ಇವಳ ರಕ್ತಕ್ಕೇ ಇಳಿದುಬಿಟ್ಟಿತು. ಮನೆಯಲ್ಲಿ ಪಾತ್ರೆ ತೊಳೆದಿಟ್ಟ ಮೇಲೆ ಚಮಚಗಳನ್ನೂ ಎಣಿಸುತ್ತಿದ್ದಳು. ಬಸ್ ಡ್ರೈವರ್ ಆಗಿದ್ದು ನಿವೃತ್ತನಾದ ಗಂಡ, "ನಾನು ಒಂದನ್ನೂ ನುಂಗಿಲ್ಲ ಮಾರಾಯ್ತಿ, ಬೇಕಾದ್ರೆ ಎಕ್ಸ್-ರೇ ತೆಗೆಸು," ಎಂದು ಛೇಡಿಸುತ್ತಿದ್ದ.

ಆ ಆಸ್ಪತ್ರೆಯಲ್ಲಿ ಸರ್ಜರಿ ಕಲಿಯಲು ವರ್ಷಕ್ಕೆ ಎಂಟೇ ಸೀಟು. ಮೊದಲು ಬರವಣಿಗೆಯ ಪರೀಕ್ಷೆ. ಅದರಲ್ಲಿ ಮೇಲೆ ಬಂದ ಇಪ್ಪತ್ನಾಲ್ಕು ಎಳೆಯ ಡಾಕ್ಟರುಗಳಿಗೆ ಆಮೇಲೆ ಕೈಕೆಲಸದ ಪರೀಕ್ಷೆ. ಎರಡರ ಅಂಕ ಕೂಡಿಸಿ ಎಂಟು ಜನರನ್ನು ಆರಿಸುತ್ತಿದ್ದರು. ಒಬ್ಬರಿಗೆ ಮೂರೇ ಸಲ ಅವಕಾಶ. ಮೂರನೇ ಸಲವೂ ಆಗದಿದ್ದರೆ ಸರ್ಜನ್ ಆಗುವ ಆಸೆಗೆ ಎಳ್ಳುನೀರು. ಕೈಕೆಲಸವೆಂದರೆ, ಮೇಜಿನ ಮೇಲೆ ಚರ್ಮದ ಬಣ್ಣದ ದಪ್ಪ ಸ್ಪಂಜು, ಅದರಲ್ಲಿ ಉದ್ದಕ್ಕೆ ಒಂದು ಗಾಯ. ಇಪ್ಪತ್ತು ನಿಮಿಷದಲ್ಲಿ ಅದನ್ನು ಎರಡು ಪದರವಾಗಿ ಹೊಲಿಯಬೇಕು. ಪ್ರತಿ ಮೇಜಿಗೂ ಒಂದು ಟ್ರೇ, ಟ್ರೇಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಬರೆದ ಒಂದು ಚೀಟಿ. "ಎಣಿಸಿ ನೋಡಿದ್ದೇನೆ" ಎಂಬ ಸಾಲಿನ ಕೆಳಗೆ ಶುರುವಿಗೆ ಒಂದು ಸಹಿ, ಕೊನೆಗೆ ಇನ್ನೊಂದು. ಆ ಸಹಿಗಳಿಗೆ ಅಂಕವಿರಲಿಲ್ಲ.

ಟ್ರೇ ಜೋಡಿಸುವುದು ಲೆಕ್ಕದಕ್ಕನ ಪಾಲಿನದು. ಆ ವರ್ಷ ಹಿಂದಿನ ದಿನ ಸಂಜೆ ಜೋಡಿಸಿದಳು. ಸೊಂಟ ನೋಯುತ್ತಿತ್ತು, ಬಸ್ಸಿನ ಹೊತ್ತಾಗಿತ್ತು. ಟ್ರೇಗೊಂದರಂತೆ ಸೂಜಿಯ ಪೊಟ್ಟಣ ಹರಿದು ಸುರಿದು, ಇಪ್ಪತ್ನಾಲ್ಕು ಚೀಟಿಯಲ್ಲೂ "ಸೂಜಿ ಐದು" ಎಂದು ಸರಸರನೆ ಬರೆದು ಮನೆಗೆ ಹೋದಳು. ಪೊಟ್ಟಣದಲ್ಲಿ ಯಾವತ್ತೂ ಐದೇ ಸೂಜಿ. ಅಲ್ಲದೆ ಇದು ಸ್ಪಂಜು ತಾನೆ, ಮನುಷ್ಯರ ಹೊಟ್ಟೆಯೇನಲ್ಲವಲ್ಲ!

ಪರೀಕ್ಷೆಯ ದಿನ ಗಂಟೆ ಬಾರಿಸಿದ ಕೂಡಲೇ ಇಪ್ಪತ್ತಮೂರು ಜನ ಪಟಪಟನೆ ಸಹಿ ಹಾಕಿ ಸೂಜಿಗೆ ಕೈ ಹಾಕಿದರು. ಒಬ್ಬಳು ಮಾತ್ರ ಕೈ ಎತ್ತಿದಳು. ಎದೆಯ ಮೇಲೆ ಹದಿನೇಳನೇ ನಂಬರಿನ ಚೀಟಿ. ಹಿಂದಿನ ಎರಡು ವರ್ಷವೂ ಬಂದು ಒಂದೊಂದು ಅಂಕದಲ್ಲಿ ಸೀಟು ಕಳೆದುಕೊಂಡವಳು, ಇದು ಮೂರನೆಯ ಸಲ. ಲೆಕ್ಕದಕ್ಕನಿಗೆ ಮುಖದ ಪರಿಚಯವಿತ್ತು.

"ಸಿಸ್ಟರ್, ಇದರಲ್ಲಿ ಒಂದು ಸೂಜಿ ಕಮ್ಮಿ ಇದೆ."

ಲೆಕ್ಕದಕ್ಕನಿಗೆ ಉರಿದುಹೋಯಿತು. ತಾನು ಜೋಡಿಸಿದ ಟ್ರೇ! "ಐದಿದೆ ಡಾಕ್ಟ್ರೇ. ಜೋಡಿಸಿದವಳು ನಾನು. ಸರಿಯಾಗಿ ನೋಡಿ."

"ನೋಡಿದೆ ಸಿಸ್ಟರ್. ನಾಲ್ಕೇ ಇದೆ."

"ಹಾಗಾದ್ರೆ ನೀವೇ ಬೀಳಿಸಿರಬೇಕು. ಹುಡುಕಿ."

ಹುಡುಗಿ ಸ್ಪಂಜು ಎತ್ತಿ ನೋಡಿದಳು, ಗಾಯದೊಳಗೆ ಬೆರಳಾಡಿಸಿದಳು. ಮಂಡಿಯೂರಿ ಮೇಜಿನ ಕೆಳಗೆಲ್ಲ ತಡಕಿದಳು. ಕೊನೆಗೆ ಒಂದೊಂದಾಗಿ ಚಪ್ಪಲಿ ತಿರುಗಿಸಿ ಅಡಿ ನೋಡಿದಳು. ಅದನ್ನು ಕಂಡಾಗ ಲೆಕ್ಕದಕ್ಕನಿಗೆ ತನ್ನ ಮೊದಲ ವರ್ಷ ನೆನಪಾಯಿತು. ಆದರೂ ಬಿಗುಮಾನ ಬಾಯಿ ಬಿಡಲು ಬಿಡಲಿಲ್ಲ. ಏಳು ನಿಮಿಷ ಹೋದ ಮೇಲೆ ಹುಡುಗಿ ಎದ್ದು, ಚೀಟಿಯಲ್ಲಿದ್ದ ಐದನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದು, ಸಹಿ ಮಾಡಿ, ಹೊಲಿಯಲು ಕೂತಳು. ಚೊಕ್ಕವಾಗಿಯೇ ಹೊಲಿದಳು. ಮೇಲಿನ ಪದರದ ಅರ್ಧ ಬಾಕಿ ಇರುವಾಗಲೇ ಗಂಟೆ ಹೊಡೆಯಿತು. ಕತ್ತರಿ ಕೆಳಗಿಟ್ಟು, ನಾಲ್ಕು ಸೂಜಿ ಎಣಿಸಿ, ಎರಡನೆಯ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು.

ಎಲ್ಲರೂ ಹೋದ ಮೇಲೆ ಲೆಕ್ಕದಕ್ಕ ಟ್ರೇಗಳನ್ನು ಒಟ್ಟುಮಾಡಲು ಬಂದಳು. ಮೊದಲನೆಯ ಟ್ರೇಯಲ್ಲಿ ನಾಲ್ಕು ಸೂಜಿ. ಎರಡನೆಯದರಲ್ಲೂ ನಾಲ್ಕು. ಆರನೆಯದರಲ್ಲೂ ನಾಲ್ಕೇ. ಕಸದ ಬುಟ್ಟಿಯಿಂದ ಪೊಟ್ಟಣ ತೆಗೆದು ಬೆಳಕಿಗೆ ಹಿಡಿದಳು. ಹೊಸ ಸರಕು. ಅದೇ ಬಣ್ಣ, ಅದೇ ಗಾತ್ರ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ಒಳಗೆ ನಾಲ್ಕು.

ಇಪ್ಪತ್ನಾಲ್ಕು ಟ್ರೇಯಲ್ಲೂ ನಾಲ್ಕೇ ಇದ್ದದ್ದು. ಇಪ್ಪತ್ತಮೂರು ಜನ ಎಣಿಸದೆಯೇ ಎಣಿಸಿದ್ದೇನೆ ಎಂದು ಎರಡೆರಡು ಸಲ ಸಹಿ ಹಾಕಿದ್ದರು. ಎಣಿಸಿದವಳು ಒಬ್ಬಳೇ. ಅವಳನ್ನೇ ತಾನು ನೆಲದ ಮೇಲೆ ಕೂರಿಸಿದ್ದಳು.

ಸಂಜೆ ಮನೆಯಲ್ಲಿ ಕಾಫಿ ಆರಿ ತಣ್ಣಗಾಯಿತು. ಚಮಚ ಎಣಿಸದೆ ಕೂತ ಹೆಂಡತಿಯನ್ನು ಕಂಡು ಗಂಡನಿಗೆ ಗಾಬರಿ. ನಡೆದದ್ದನ್ನೆಲ್ಲ ಹೇಳಿದಳು.

"ಯಾರಿಗಾದ್ರೂ ಗೊತ್ತಾ?" ಅಂದ.

"ಯಾರಿಗೂ ಗೊತ್ತಿಲ್ಲ. ಸೂಜಿ ಬಿಸಾಕಿಬಿಟ್ರೆ ಗೊತ್ತಾಗೋದೂ ಇಲ್ಲ. ರಿಟೈರ್ ಆಗೋಕೆ ಇನ್ನೆರಡು ವರ್ಷ ಇದೆ. ನನ್ನ ಹತ್ರ ಇರೋದು ಇದೊಂದೇ ಹೆಸರು ನೋಡಿ."

ಗಂಡ ಆರಿದ ಕಾಫಿ ಲೋಟ ಕೈಗೆತ್ತಿಕೊಂಡ. "ನಾನೂ ಒಂದ್ಸಲ ಸ್ಟಾಪಲ್ಲಿ ಒಂದು ಅಜ್ಜಿನ ಬಿಟ್ಟು ಹೋಗಿದ್ದೆ. ಕನ್ನಡಿಯಲ್ಲಿ ಕೈ ಬೀಸೋದು ಕಾಣ್ತಿತ್ತು, ನಿಲ್ಲಿಸಲಿಲ್ಲ. ಇವತ್ತಿಗೂ ಆ ಕೈ ಕಾಣುತ್ತೆ ಕಣೇ." ಅಷ್ಟು ಹೇಳಿ ಎದ್ದು ಕಾಫಿ ಬಿಸಿ ಮಾಡಲು ಹೋದ.

ಮರುದಿನ ಬೆಳಿಗ್ಗೆ ಸರ್ಜರಿ ವಿಭಾಗದ ಮುಖ್ಯಸ್ಥರು ಬಾಗಿಲು ತೆಗೆಯುವ ಮುಂಚೆಯೇ ಲೆಕ್ಕದಕ್ಕ ಅಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಸೂಜಿ ತುಂಬಿದ ಸ್ಟೀಲಿನ ಬಟ್ಟಲು, ಇನ್ನೊಂದರಲ್ಲಿ ಚೀಟಿಗಳ ಕಟ್ಟು. ಎಲ್ಲರೂ ದೊಡ್ಡ ಡಾಕ್ಟರು ಎಂದು ಕರೆಯುವ ಅವರು ಕೋಪಿಷ್ಠರೇನಲ್ಲ, ಆದರೆ ಈ ಪರೀಕ್ಷೆ ಅವರು ಸ್ವಂತ ಮಗುವಿನ ಹಾಗೆ ಸಾಕಿಕೊಂಡು ಬಂದದ್ದು. ಪೂರ್ತಿ ಕೇಳಿಸಿಕೊಂಡರು. ಚೀಟಿಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಐದು, ಐದು, ಐದು, ಹದಿನೇಳನೆಯದು ನಾಲ್ಕು, ಮತ್ತೆ ಐದು.

"ಇಪ್ಪತ್ತಮೂರು ಜನ ಸುಳ್ಳು ಸಹಿ ಹಾಕಿದ್ದಾರಲ್ಲ ಸಿಸ್ಟರ್! ಎಲ್ಲರನ್ನೂ ಮನೆಗೆ ಕಳಿಸಿಬಿಡ್ಲಾ?"

"ಕಳಿಸೋದಾದ್ರೆ ನನ್ನನ್ನೂ ಕಳಿಸಿ ಸರ್. ಮೊದಲು ಎಣಿಸದೆ ಬರೆದವಳು ನಾನು. ಆ ಹುಡುಗಿ ಸತ್ಯ ಹೇಳಿದಾಗ ಬಾಯಿ ಮುಚ್ಚಿಸಿದವಳೂ ನಾನೇ."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವಳಿಗೆ ಸುಮ್ಮನೆ ಅಂಕ ಕೊಡೋಕೆ ಆಗಲ್ಲ, ನಿಯಮದಲ್ಲಿ ಇಲ್ಲ. ಎಲ್ಲರಿಗೂ ಇನ್ನೊಂದು ಸಲ ಪರೀಕ್ಷೆ ಮಾಡೋಣ. ಯಾಕೆ ಅಂತ ನೀವೇ ಹೇಳಬೇಕು."

ಮೂರನೆಯ ದಿನ ಅದೇ ಕೋಣೆ, ಅದೇ ಇಪ್ಪತ್ನಾಲ್ಕು ಮುಖ. ಲೆಕ್ಕದಕ್ಕ ಮುಂದೆ ಬಂದು ನಿಂತಳು. "ಮೊನ್ನೆ ನಿಮ್ಮ ಟ್ರೇಗಳಲ್ಲಿ ಐದು ಸೂಜಿ ಇರಲಿಲ್ಲ, ನಾಲ್ಕೇ ಇತ್ತು. ತಪ್ಪು ನನ್ನದು," ಅಂದಳು. ಇಪ್ಪತ್ತಮೂರು ತಲೆಗಳು ತಾವಾಗಿಯೇ ತಗ್ಗಿದವು. ಅವಳು ಹದಿನೇಳನೆಯ ಮೇಜಿನ ಹತ್ತಿರ ಹೋದಳು. "ಡಾಕ್ಟ್ರೇ, ನಿಮ್ಮ ಏಳು ನಿಮಿಷ ತಿಂದವಳು ನಾನು. ಹೊಟ್ಟೆಗೆ ಹಾಕ್ಕೊಳ್ಳಿ."

ಹುಡುಗಿಯ ಕಣ್ಣು ತುಂಬಿ ಬಂತು. "ನಾನು ಎರಡು ದಿನದಿಂದ ನನಗೇ ಎಣಿಸೋಕೆ ಬರಲ್ವೇನೋ ಅಂದ್ಕೊಂಡಿದ್ದೆ ಸಿಸ್ಟರ್," ಅಂದಳು. ಅಷ್ಟೇ.

ಅವತ್ತು ಗಂಟೆ ಬಾರಿಸಿದಾಗ ಯಾರೂ ಸೂಜಿಗೆ ಕೈ ಹಾಕಲಿಲ್ಲ. ಇಪ್ಪತ್ನಾಲ್ಕು ಜನರೂ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸತೊಡಗಿದರು. ಒಂದನೇ ಕ್ಲಾಸಿನ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಕೋಣೆ ತುಂಬ ಗದ್ದಲ. ದೊಡ್ಡ ಡಾಕ್ಟರು ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿ ನಿಂತರು. ಹುಡುಗಿ ಇಪ್ಪತ್ತು ನಿಮಿಷಕ್ಕೆ ಇನ್ನೂ ಅರ್ಧ ನಿಮಿಷ ಇರುವಾಗ ಕೊನೆಯ ಗಂಟು ಹಾಕಿ ಮುಗಿಸಿದಳು. ಮಧ್ಯಾಹ್ನ ಪಟ್ಟಿ ಅಂಟಿಸಿದರು. ಲೆಕ್ಕದಕ್ಕ ಬೆರಳಿಟ್ಟು ಮೇಲಿನಿಂದ ಕೆಳಗೆ ಎಣಿಸುತ್ತ ಹೋದಳು. ಎಂಟನೆಯ ಸಾಲಿನಲ್ಲಿ, ಪಟ್ಟಿಯ ಕಟ್ಟಕಡೆಗೆ, ಹದಿನೇಳು ಇತ್ತು. ಸಾಲದೆಂದು ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಎಣಿಸಿದಳು. ಮನೆಗೆ ಹೋಗುವ ಬಸ್ಸಿನಲ್ಲಿ ತನ್ನಷ್ಟಕ್ಕೆ ತಾನೇ ನಗುತ್ತಿದ್ದುದನ್ನು ಕಂಡು ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಥಿಯೇಟರಿನ ಮೇಜಿನ ಮೇಲೆ ಒಬ್ಬ ಬಡಗಿ ಮಲಗಿದ್ದ. ಕರುಳಿನ ಆಪರೇಷನ್ ಚೆನ್ನಾಗಿ ಆಗಿತ್ತು. ದೊಡ್ಡ ಡಾಕ್ಟರು ಕೈ ತೆಗೆದು, ಎದುರು ನಿಂತ ಹೊಸ ಡಾಕ್ಟರಿಗೆ, "ನೀನು ಹೊಲಿ," ಅಂದರು. ಅವಳು ಜೀವಂತ ಮನುಷ್ಯನ ಹೊಟ್ಟೆಯನ್ನು ಮುಚ್ಚುವುದು ಅದೇ ಮೊದಲು. ಮುಖಗವಸಿನ ಮೇಲೆ ಕಣ್ಣೆರಡೇ ಕಾಣುತ್ತಿದ್ದವು.

"ಲೆಕ್ಕ ಸರಿ ಇದೆ, ಮುಚ್ಚಬಹುದು," ಅಂದಳು ಲೆಕ್ಕದಕ್ಕ, ಎಂದಿನ ಗತ್ತಿನಲ್ಲಿ.

ಹುಡುಗಿ ಸೂಜಿ ಎತ್ತಿಕೊಳ್ಳಲಿಲ್ಲ. ಕತ್ತು ತಗ್ಗಿಸಿ, ಮೆಲ್ಲಗೆ, "ಸಿಸ್ಟರ್, ಬೇಜಾರಾಗಬೇಡಿ. ನನಗೊಂದು ಸಲ ತೋರಿಸ್ತೀರಾ?" ಅಂದಳು.

ಥಿಯೇಟರಿನಲ್ಲಿ ಎಲ್ಲರೂ ಗಕ್ಕನೆ ನಿಂತರು. ಇಪ್ಪತ್ತೊಂಬತ್ತು ವರ್ಷದಲ್ಲಿ ಲೆಕ್ಕದಕ್ಕನನ್ನು ಹಾಗೆ ಕೇಳಿದವರೇ ಇರಲಿಲ್ಲ. ಅವಳಿಗೆ ಸಿಟ್ಟು ಬರಲಿಲ್ಲ. ಎದೆಯ ಮೇಲಿಂದ ಯಾರೋ ಭಾರ ಇಳಿಸಿದ ಹಾಗೆ ಹಗುರಾಯಿತು. ಇಷ್ಟು ವರ್ಷ ಒಬ್ಬಳೇ ಎಣಿಸಿದ್ದು ಸಾಕಾಗಿತ್ತು ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಟ್ರೇಯನ್ನು ಹುಡುಗಿಯ ಕಡೆ ಸರಿಸಿ, ಚಿಮಟದಿಂದ ಮೊದಲನೆಯ ಸೂಜಿ ಎತ್ತಿ ಹಿಡಿದಳು.

"ಹೇಳಿ ಡಾಕ್ಟ್ರೇ, ಇಬ್ಬರೂ ಸೇರಿ ಎಣಿಸೋಣ."

"ಒಂದು," ಅಂದರು ಇಬ್ಬರೂ.