ಕೋದಂಡರಾಮಪ್ಪನ ಮಣಿಕಟ್ಟು

ಕೋದಂಡರಾಮಪ್ಪ ಸತ್ತಾಗ ಊರಿನವರೆಲ್ಲ ‘ದೊಡ್ಡ ಮನುಷ್ಯ ಹೋದ’ ಅಂದರು. ನಾನೂ ಹೆಣದ ಮುಂದೆ ನಿಂತು ತಲೆಯಾಡಿಸಿದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಹಾಗೆ ಹೇಳುವವರು ಅವನ ಊರಿನಲ್ಲಿ ಹದಿನಾರು ವರ್ಷ ಮೇಷ್ಟ್ರಾಗಿ ಇರಬೇಕಿತ್ತು, ಆಗ ಗೊತ್ತಾಗುತ್ತಿತ್ತು.

ಬೈರಕೂರಿನಿಂದ ಎರಡು ಮೈಲಿ ಒಳಕ್ಕೆ ಆ ಹಳ್ಳಿ. ಕೆರೆಯ ಕೆಳಗೆ ಗದ್ದೆ, ದಿಣ್ಣೆಯ ಮೇಲೆ ಮಾವಿನ ತೋಪು, ಊರ ನಡುವೆ ಹಂಚಿನ ಮನೆ. ಇಷ್ಟೂ ಕೋದಂಡರಾಮಪ್ಪನ ಅಪ್ಪ ಮಾಡಿಟ್ಟದ್ದು. ಇವನು ಸ್ವಂತವಾಗಿ ಬೆಳೆಸಿಕೊಂಡದ್ದು ಎರಡೇ, ಒಂದು ಹೊಟ್ಟೆ, ಇನ್ನೊಂದು ಮಡಿ. ಅಂಥಾ ಇಂಥಾ ಮಡಿಯಲ್ಲ ಮಾರಾಯರೆ! ಕಾಡಿನಿಂದ ಸೌದೆ ಹೊತ್ತು ತಂದವರು ಯಾರೋ ಏನೋ ಎಂದು ಆ ಸೌದೆಯನ್ನೂ ನೀರಿನಲ್ಲಿ ತೊಳೆಸಿ ಒಲೆಗೆ ಹಾಕಿಸುತ್ತಿದ್ದ. ಹಸಿ ಸೌದೆ ಊದಿ ಊದಿ ಅವನ ಹೆಂಡತಿ ವೆಂಕಟರತ್ನಮ್ಮನವರ ಕಣ್ಣು ವರ್ಷವೆಲ್ಲ ಕೆಂಪಗೇ ಇರುತ್ತಿತ್ತು. 

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಂಗಲಿ ರಸ್ತೆಯಲ್ಲಿ ಮಿಲಿಟರಿ ಲಾರಿಯೊಂದು ಕೆಟ್ಟು ಎರಡು ದಿನ ನಿಂತಿತ್ತು. ಹಸಿದ ಸಿಪಾಯಿಯೊಬ್ಬ ಕೋದಂಡರಾಮಪ್ಪ ಒಕ್ಕಲಿನವರಿಂದ ಕೊಡಿಸಿದ ಎರಡು ಹುಂಜ ತೆಗೆದುಕೊಂಡು ತನ್ನ ಕೈಗಡಿಯಾರ ಬಿಚ್ಚಿ ಕೊಟ್ಟ. ಹಾಗೆ ನಮ್ಮ ಹಳ್ಳಿಗೆ ಮೊದಲ ಗಡಿಯಾರ ಬಂತು, ಕೋದಂಡರಾಮಪ್ಪನಿಗೆ ಕೊಂಬೂ ಬಂತು. ಅದರ ಪಟ್ಟಿಗೆ ಯಾವನದೋ ಬೆವರು ಹಿಡಿದಿದೆ ಎಂದು ಬಕಲ್ ಕಿತ್ತಿಟ್ಟುಕೊಂಡು ಪಟ್ಟಿಯನ್ನು ತಿಪ್ಪೆಗೆ ಎಸೆದ. ಗಡಿಯಾರವನ್ನು ಕೆಂಪು ಉಡಿದಾರದಲ್ಲಿ ಕೈಗೆ ಕಟ್ಟಿಕೊಂಡು ತಿರುಗತೊಡಗಿದ.

ಅದೇ ವರ್ಷ ನಮ್ಮ ಶಾಲೆಗೆ ಮುಳಬಾಗಿಲಿನ ಅಮಲ್ದಾರರು ಬಂದರು. ಶಾಲೆಯಲ್ಲಿ ಗಂಟೆಯಿತ್ತು, ಗಡಿಯಾರವಿರಲಿಲ್ಲ. ನಾನು ಕಂಬದ ನೆರಳು ನೋಡಿ ಗಂಟೆ ಹೊಡೆಯುತ್ತಿದ್ದೆ, ಮೋಡ ಮುಚ್ಚಿದ ದಿನ ಹೊಟ್ಟೆಯ ಹಸಿವು ನೋಡಿ ಹೊಡೆಯುತ್ತಿದ್ದೆ. ಅಮಲ್ದಾರರು ಸಿಡಿಮಿಡಿಗೊಂಡರು. ಯುಗಾದಿ ಕಳೆದ ಮೇಲೆ ಮತ್ತೆ ಬರುತ್ತೇನೆ, ಶಾಲಾ ಕಮಿಟಿಗೆ ಒಬ್ಬ ಪ್ರೆಸಿಡೆಂಟನ್ನು ನೇಮಿಸುತ್ತೇನೆ, ಶಾಲೆಗೆ ಸರಿಯಾದ ಹೊತ್ತು ಹೇಳುವ ಜವಾಬ್ದಾರಿ ಅವನದು ಎಂದರು. ಕೋದಂಡರಾಮಪ್ಪ ತಕ್ಷಣ ಕೈ ಮುಂದೆ ಚಾಚಿದ. ಅಮಲ್ದಾರರು ಉಡಿದಾರ ನೋಡಿ ನಕ್ಕುಬಿಟ್ಟರು.

“ಏನ್ರೀ ಇದು, ಕೂಸಿಗೆ ದೃಷ್ಟಿದಾರ ಕಟ್ಟಿದ ಹಾಗೆ! ಪ್ರೆಸಿಡೆಂಟ್ ಆಗೋರು ಗೌರವಸ್ಥರ ಥರಾ ಇರ್ಬೇಕ್ರೀ.”

ಆ ನಗು ಅವನ ಎದೆಯಲ್ಲಿ ಮುಳ್ಳಾಯಿತು. ಪ್ರೆಸಿಡೆಂಟ್ ಆಗಲೇಬೇಕು ಎಂದು ಹಟ ಹಿಡಿದ. ಮಕ್ಕಳ ವಿದ್ಯೆಯ ಮೇಲಿನ ಪ್ರೀತಿಯಿಂದಲ್ಲ, ಅವನಿಗೆ ‘ಅ’ ಬರೆಯುವುದಕ್ಕೂ ಬೇಸರ. ಪ್ರೆಸಿಡೆಂಟನಿಗೆ ಶಾಲೆಯ ಜಗಲಿಯ ಮೇಲೆ ಕೈಯಿರುವ ಕುರ್ಚಿ ಹಾಕುತ್ತಾರೆ, ಅವನ ದಾಯಾದಿ ಅಶ್ವತ್ಥಪ್ಪ ಅದರ ಮುಂದೆ ನಿಂತು ಮಾತಾಡಬೇಕಾಗುತ್ತದೆ. ಅವನ ಜನ್ಮಕ್ಕೆ ಬೇಕಾಗಿದ್ದದ್ದು ಅಷ್ಟೇ.

ಸರಿ, ಪಟ್ಟಿ ಆಗಬೇಕು. ಊರಾಚೆಯ ಕೇರಿಯಲ್ಲಿ ಮುನಿಯಲ್ಲಪ್ಪ ಇದ್ದ. ಅವನು ಹೊಲಿದ ಮೆಟ್ಟು ಕಲ್ಲುದಾರಿಯಲ್ಲಿ ಮೂರು ವರ್ಷ ತಡೆಯುತ್ತಿತ್ತು. ಶ್ರೀನಿವಾಸಪುರದ ಕಡೆಯಿಂದಲೂ ಜನ ಅವನ ಹತ್ತಿರ ಕಪಿಲೆ ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಹೊಲಿಸಿಕೊಂಡು ಹೋಗುತ್ತಿದ್ದರು. ಕೋದಂಡರಾಮಪ್ಪ ಅವನನ್ನು ಕರೆಸಿ ಅಂಗಳದ ಆಚೆ ನಿಲ್ಲಿಸಿದ. ನಾನು ಜಗಲಿಯ ಮೇಲೆ ಕೂತು ಅವನ ಮನೆಯ ಮಜ್ಜಿಗೆ ಕುಡಿಯುತ್ತಿದ್ದೆ. ಹೌದು, ಕುಡಿಯುತ್ತಿದ್ದೆ. ನಾನೇನು ದೊಡ್ಡ ಹರಿಶ್ಚಂದ್ರನಲ್ಲ.

“ಲೇ ಮುನಿಯಲ್ಲ, ದನದ ಚರ್ಮ ನನ್ನ ಕೈಗೆ ತಗುಲಕೂಡದು ಕಣೋ. ಇದರಲ್ಲಿ ಮಾಡು” ಎಂದು ಕೋದಂಡರಾಮಪ್ಪ ಏನೋ ಒಂದನ್ನು ಅಂಗಳಕ್ಕೆ ಎಸೆದ. ನೋಡಿದರೆ ಅವರಪ್ಪ ಪೂಜೆಗೆ ಕೂರುತ್ತಿದ್ದ ಜಿಂಕೆಯ ಚರ್ಮ! ಅಪ್ಪ ಮೂವತ್ತು ವರ್ಷ ಅದರ ಮೇಲೆ ಕೂತು ಜಪ ಮಾಡಿದ್ದರು.

ಮುನಿಯಲ್ಲಪ್ಪ ಅದನ್ನು ಎತ್ತಿ ಮಡಚಿ ನೋಡಿದ, ಉಗುರಿನಿಂದ ಕೆರೆದ. “ಸಾಮಿ, ಇದು ಹದ ಮಾಡಿದ್ದಲ್ಲ. ಬರೀ ಬಿಸಿಲಲ್ಲಿ ಒಣಗಿಸಿರೋದು. ತಂಗಡಿ ಗಿಡದ ಚಕ್ಕೆ ನೀರಲ್ಲಿ ಹದಿನೈದು ದಿವಸ ನೆನೆಹಾಕ್ತೀನಿ, ಮೆತ್ತಗಾಯ್ತದೆ. ಆಮ್ಯಾಕೆ ಪಟ್ಟಿ ಕೊಯ್ತೀನಿ.”

“ಯಾವ ತೊಟ್ಟೀಲೋ ನೆನೆಹಾಕೋದು? ದನದ ಚರ್ಮ ಹಾಕ್ತೀಯಲ್ಲ, ಅದೇ ತೊಟ್ಟಿ ತಾನೆ?”

“ನಂಗಿರೋದು ಅದೊಂದೇ ಸಾಮಿ.”

“ಥೂ! ಅಪ್ಪನ ಆಸನ ಕಣೋ ಇದು! ಹದಾನೂ ಬೇಡ ಗಿದಾನೂ ಬೇಡ. ಕೂದಲು ಹೆರೆದು ಹಂಗೇ ಹೊಲಿ.”

ಅಪ್ಪನ ಆಸನವನ್ನು ಪಟ್ಟಿಗೆ ಕತ್ತರಿಸಬಹುದು, ಆದರೆ ತೊಟ್ಟಿಗೆ ಹಾಕಬಾರದು. ಇಂಥ ಶಾಸ್ತ್ರವನ್ನು ಎಲ್ಲಿ ಓದಿದ್ದನೋ! ಮುನಿಯಲ್ಲಪ್ಪ ಚರ್ಮವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಅಳತೆ ಕೊಡಿ ಎಂದ. ದಾರದ ಅಳತೆ ನಿಜ ಹೇಳುವುದಿಲ್ಲ, ಮಣಿಕಟ್ಟನ್ನು ಒಂದು ಸಲ ಹಿಡಿದು ನೋಡಿದರೆ ಸಾಕು, ಎರಡು ಬೆರಳು ನುಸುಳುವಷ್ಟು ಸಡಿಲ ಬಿಡಬೇಕು ಎಂದ. ಹೇಳುವಾಗ ಅರಿವಿಲ್ಲದೆ ಅರ್ಧ ಹೆಜ್ಜೆ ಮುಂದಿಟ್ಟನೋ ಏನೋ, ಕೋದಂಡರಾಮಪ್ಪ ಹಾವು ಕಂಡವನಂತೆ ಕೈಯನ್ನು ಎದೆಗೆ ಎಳೆದುಕೊಂಡ.

“ಏನ್ಲಾ, ಕೈ ಹಿಡೀತೀಯ ನಂದು? ಕಣ್ಣು ನೆತ್ತಿಗೆ ಬಂತಾ?”

ಆಮೇಲೆ ತಾನೇ ದಾರ ಸುತ್ತಿಕೊಂಡು ಬಿಗಿಯಾಗಿ ಎಳೆದು ಗಂಟು ಹಾಕಿದ. ಸಡಿಲ ಪಟ್ಟಿ ಬಡವರ ಲಕ್ಷಣವಂತೆ. ಗಂಟು ಹಾಕಿದ ದಾರವನ್ನೂ ಬಕಲನ್ನೂ ಅಂಗಳಕ್ಕೆ ಎಸೆದ. ಮುನಿಯಲ್ಲಪ್ಪ ಮಣ್ಣಿನಿಂದ ಆರಿಸಿಕೊಂಡ. ನಾನು ಮಜ್ಜಿಗೆ ಮುಗಿಸಿದೆ.

ಅಮಲ್ದಾರರು ಬರುವ ಹಿಂದಿನ ಸಂಜೆ ಪಟ್ಟಿ ಬಂತು. ಹದವಿಲ್ಲದ ಚರ್ಮವಾದರೂ ಅಂಚಿನುದ್ದಕ್ಕೂ ಹೊಲಿಗೆ ರಾಗಿ ಕಾಳು ಪೋಣಿಸಿದಂತೆ ಕೂತಿತ್ತು. ಪ್ರತಿ ಏಳನೆಯ ಹೊಲಿಗೆಯಾದ ಮೇಲೆ ಒಂದು ಅಡ್ಡ ಹೊಲಿಗೆ. ಅದು ಮುನಿಯಲ್ಲಪ್ಪನ ಗುರುತು, ನನ್ನ ಮೆಟ್ಟಿನಲ್ಲೂ ಇತ್ತು. ಪಟ್ಟಿಯನ್ನು ಅಂಗಳದ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ಅವನು ಎರಡು ಮಾತು ಹೇಳಿದ.

“ನೀರು ಮಾತ್ರ ಸೋಕಿಸಬ್ಯಾಡಿ ಸಾಮಿ. ಹಸಿ ಚರ್ಮ, ನೆಂದು ಒಣಗಿದ್ರೆ ಬಿಗೀತದೆ. ಇನ್ನೊಂದು ಮಾತು. ಇದು ನನ್ನ ಕೈಕೆಲಸ ಅಂತ ಯಾರಿಗೂ ಹೇಳಬ್ಯಾಡಿ. ಹದ ಮಾಡ್ದೆ ಕೊಟ್ಟ ಅಂತ ನನ್ನ ಹೆಸ್ರು ಕೆಡ್ತದೆ.”

“ಅಬ್ಬಬ್ಬಾ! ಇವನ ಹೆಸರಂತೆ!” ಎಂದು ಕೋದಂಡರಾಮಪ್ಪ ಹೊಟ್ಟೆ ಕುಣಿಸಿ ನಕ್ಕ.

ನೀರು ಸೋಕಿಸದೆ ಬಿಡುವ ಮನೆಯೇ ಅದು? ಸೌದೆಯನ್ನೇ ತೊಳೆಯುವವನು ಕೇರಿಯಿಂದ ಬಂದ ಪಟ್ಟಿಯನ್ನು ಹಾಗೆಯೇ ಕಟ್ಟಿಕೊಳ್ಳುತ್ತಾನೆಯೇ? ಬಿಂದಿಗೆಯಲ್ಲಿ ಗಂಜಲ ಬೆರೆಸಿದ ನೀರು ತುಂಬಿ ಪಟ್ಟಿಯನ್ನು ಬೆಳಗಿನವರೆಗೂ ಮುಳುಗಿಸಿಟ್ಟ. ಬೆಳಗ್ಗೆ ಎತ್ತಿದಾಗ ಅದು ಹಿಗ್ಗಿ ಜೋಲುತ್ತಿತ್ತಂತೆ. ವೆಂಕಟರತ್ನಮ್ಮನವರು, “ಒಣಗ್ಲಿ ಬಿಡ್ರೀ, ಆಮೇಲೆ ಕಟ್ಕೊಳ್ಳೋರಂತೆ” ಅಂದರಂತೆ. “ನಿಂಗೇನೇ ಗೊತ್ತು, ಅಮಲ್ದಾರ್ರು ಹತ್ತು ಗಂಟೇಗೆ ಬರ್ತಾರೆ” ಎಂದು ಗಡಿಯಾರ ಸಿಕ್ಕಿಸಿ, ಹಸಿ ಪಟ್ಟಿಯನ್ನು ಕೊನೆಯ ತೂತಿನವರೆಗೂ ಎಳೆದು ಬಕಲ್ ಹಾಕಿಕೊಂಡು ಹೊರಟ.

ಹತ್ತು ಗಂಟೆಗೆ ಬರುವ ಅಮಲ್ದಾರರು ಹನ್ನೆರಡಾದರೂ ಬರಲಿಲ್ಲ. ಹೊತ್ತಿನ ಪಾಠ ಹೇಳಿದ ಮಹಾನುಭಾವರು! ಊರಿನವರೆಲ್ಲ ಶಾಲೆಯ ಮುಂದಿನ ಹೊಂಗೆಮರದ ನೆರಳಿಗೆ ಸರಿದರು. ಬೇಲಿಯ ಆಚೆ ಕೇರಿಯ ಜನ ನಿಂತಿದ್ದರು. ಕೋದಂಡರಾಮಪ್ಪ ಒಬ್ಬನೇ ಬಿಸಿಲಿನಲ್ಲಿ ನಿಂತ. ನೆರಳಿನಲ್ಲಿ ಗಡಿಯಾರದ ಗಾಜು ಮಿಂಚುವುದಿಲ್ಲವಲ್ಲ! ಹನ್ನೊಂದರ ಹೊತ್ತಿಗಾಗಲೇ ಅವನ ಮುಖ ಗಂಟಿಕ್ಕಿತ್ತು. ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದೆ. ಹತ್ತಿರ ಹೋಗಿ ಬಿಚ್ಚಿಕೊಳ್ಳಿ ಎಂದೆ.

“ಸುಮ್ನಿರ್ರೀ ಮೇಷ್ಟ್ರೇ! ಅಶ್ವತ್ಥಪ್ಪ ನೋಡ್ತಾ ಇದಾನೆ.”

ಅಂತೂ ಅಮಲ್ದಾರರ ಗಾಡಿ ಬಂತು. ಅವರು ಇಳಿದವರೇ, “ಹೊತ್ತೆಷ್ಟಾಯ್ತ್ರೀ ನಿಮ್ಮ ಗಡಿಯಾರದಲ್ಲಿ?” ಎಂದು ನಗುತ್ತಾ ಕೇಳಿದರು. ಇದಕ್ಕಾಗಿಯೇ ಕಾದಿದ್ದವನು ಕೈ ಎತ್ತಲು ಹೋದ. ಕೈ ಎದ್ದಿತು, ಬೆರಳು ಮಡಚಲಿಲ್ಲ. ಮುಖ ಬೆಳ್ಳಗಾಗಿ ಅಲ್ಲೇ ಕುಸಿದು ಕೂತ.

“ಅಮ್ಮಾ, ನಾ ಚೆಯ್ಯಿ ಪೋಯಿಂದಿರೋ!”

ಕೈ ಹೋಯಿತು ಎಂಬ ಗೋಳು. ನೋವು ಬಂದರೆ ನಮ್ಮ ಕಡೆಯವರ ಬಾಯಿಗೆ ತೆಲುಗೇ ಬರುವುದು. ಅಮಲ್ದಾರರ ದಫೇದಾರ ಬಕಲ್ ಎಳೆದು ನೋಡಿದ. ಚರ್ಮ ಬಕಲನ್ನು ಕಚ್ಚಿಕೊಂಡು ಕಟ್ಟಿಗೆಯಾಗಿತ್ತು. ಯಾರೋ ಕುಡುಗೋಲು ತಂದರು. ಅದರ ತುದಿ ಪಟ್ಟಿಯ ಕೆಳಗೆ ನುಗ್ಗದೆ ತೊಗಲನ್ನು ಗೀರಿತು, ರಕ್ತ ಬಂತು. ಕೋದಂಡರಾಮಪ್ಪ ಎಳೆಗೂಸಿನ ಹಾಗೆ ಅರಚಿದ. ಇನ್ನು ಸ್ವಲ್ಪ ತಡವಾದರೆ ಕೈ ಹೋಗುತ್ತದೆ ಎಂದು ಅಮಲ್ದಾರರು ಗಾಬರಿಯಾದರು. ನಾನು ಬೇಲಿಯ ಹತ್ತಿರ ಓಡಿ ಮುನಿಯಲ್ಲಪ್ಪನನ್ನು ಕರೆದೆ.

ಅವನು ಬಂದ. ಸೊಂಟದಲ್ಲಿ ರಂಪಿಗೆ ಇತ್ತು, ಚರ್ಮ ಕೊಯ್ಯುವ ಅಗಲ ಬಾಯಿಯ ಕತ್ತಿ. ಆದರೆ ಮೂರು ಮಾರು ದೂರದಲ್ಲೇ ನಿಂತುಬಿಟ್ಟ.

“ಮುಟ್ಟಬೇಕಾಯ್ತದೆ ಸಾಮಿ.”

“ಮುಟ್ಟಯ್ಯ, ನೋಡ್ತಾ ನಿಂತಿದೀಯಲ್ಲ!” ಎಂದು ಅಮಲ್ದಾರರು ಗದರಿದರು.

“ತಾವು ಇವತ್ತು ಹೋಗ್ತೀರ ಬುದ್ಧಿ. ಇವ್ರು ನಾಳೀಕೆ ಪಂಚಾಯ್ತಿ ಸೇರಿಸಿ ತಪ್ಪುದಂಡ ಹಾಕ್ತಾರೆ. ಅವ್ರೇ ಬಾಯಿಬಿಟ್ಟು ಹೇಳ್ಲಿ.”

ಇಡೀ ಊರು ಕೋದಂಡರಾಮಪ್ಪನ ಬಾಯಿ ನೋಡಿತು. ಆ ಪುಣ್ಯಾತ್ಮ ಆಗಲೂ ಯೋಚಿಸಿದ ಕಣ್ರೀ! ಕಪ್ಪಾಗುತ್ತಿದ್ದ ತನ್ನ ಕೈ ನೋಡಿದ, ಅಶ್ವತ್ಥಪ್ಪನ ಮುಖ ನೋಡಿದ, ಮತ್ತೆ ಕೈ ನೋಡಿದ.

“ಮುಟ್ಟೋ” ಅಂದ. “ಮುಟ್ಟಪ್ಪಾ, ಮುಟ್ಟು.”

ಮುನಿಯಲ್ಲಪ್ಪ ಮಂಡಿಯೂರಿ ಕೂತು ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ನೀರು ಕೇಳಿದ. ಶಾಲೆಯ ಕೊಡವನ್ನು ಅವನು ಮುಟ್ಟುವ ಹಾಗಿರಲಿಲ್ಲ, ನಾನೇ ಸುರಿದೆ. ಪಟ್ಟಿ ನಿಧಾನವಾಗಿ ನೆಂದು ಒಂದು ಕೂದಲೆಳೆಯಷ್ಟು ಸಡಿಲವಾಗುವವರೆಗೂ ಅವನು ಆತುರಪಡಲಿಲ್ಲ. ಆಮೇಲೆ ರಂಪಿಗೆಯನ್ನು ಮಲಗಿಸಿ ಒಳಗೆ ತೂರಿಸಿ ಮೇಲಕ್ಕೆ ತಿರುಗಿಸಿದ. ಪಟ್ಟಿ ಟಪ್ಪೆಂದು ತುಂಡಾಯಿತು. ತೊಗಲಿಗೆ ಒಂದು ಹೊಸ ಗೀರೂ ಬೀಳಲಿಲ್ಲ.

ಕೈಗೆ ರಕ್ತ ಹರಿದು ಬೆರಳು ಕೆಂಪಾಗುವವರೆಗೂ ಮುನಿಯಲ್ಲಪ್ಪ ಆ ಮಣಿಕಟ್ಟನ್ನು ತಿಕ್ಕಿದ. ಕೋದಂಡರಾಮಪ್ಪ ಸುಮ್ಮನೆ ತಿಕ್ಕಿಸಿಕೊಂಡ. ಉಸಿರು ಬಂದ ಮೇಲೆ ಅವನ ಬಾಯಿಂದ ಹೊರಟ ಮೊದಲ ಮಾತು, ಗಲಾಟೆ ಕೇಳಿ ಓಡಿಬಂದಿದ್ದ ಹೆಂಡತಿಗೆ.

“ನೀರು ಕಾಯ್ಸೇ. ಸ್ನಾನ ಮಾಡ್ಬೇಕು.”

ಅಮಲ್ದಾರರು ಪುಸ್ತಕ ತೆರೆದು ಪ್ರೆಸಿಡೆಂಟ್ ಎಂದಿದ್ದ ಕಡೆ ಅಶ್ವತ್ಥಪ್ಪನ ಹೆಸರು ಬರೆದರು. ಮುನಿಯಲ್ಲಪ್ಪ ಇನ್ನೂ ಕೈ ಬಿಟ್ಟಿರಲಿಲ್ಲ. ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ಹೆಬ್ಬೆರಳಿನಿಂದ ಸುತ್ತಳತೆ ನೋಡಿಕೊಂಡ.

“ಹೆಂಗೂ ಮುಟ್ಟಿದ್ದಾಯ್ತಲ್ಲ ಸಾಮಿ. ಅಳತೆ ಈಗ ಸರಿಯಾಗಿ ಸಿಕ್ತು. ಹೊಸದು ಮಾಡ್ಲಾ?”

ಹೊಂಗೆಮರದ ಕೆಳಗೆ ಯಾರೋ ಕಿಸಕ್ಕೆಂದರು. ಕೋದಂಡರಾಮಪ್ಪ ಕೈಯನ್ನು ಶಲ್ಯದೊಳಗೆ ಮುಚ್ಚಿಕೊಂಡು ಮನೆಗೆ ಹೋದ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಅವನನ್ನು ಕ್ಷಮಿಸುತ್ತಿದ್ದೆನೋ ಏನೋ. ನಾಲ್ಕು ತಿಂಗಳ ಮೇಲೆ ಅವನ ಕೈಯಲ್ಲಿ ಮತ್ತೆ ಗಡಿಯಾರ ಕಂಡಿತು. ಕಂದು ಬಣ್ಣದ ಹೊಸ ಪಟ್ಟಿ, ಬೆಣ್ಣೆಯಂಥ ಹದ, ಎರಡು ಬೆರಳಿನ ಸಡಿಲ. ಬೆಂಗಳೂರು ದಂಡಿನ ಇಂಗ್ಲಿಷ್ ಅಂಗಡಿಯಲ್ಲಿ ಮಾಡಿಸಿದ್ದು ಎಂದು ಎಲ್ಲರಿಗೂ ತೋರಿಸಿದ. ನನಗೂ ತೋರಿಸಿದ. ನಾನು ಅಂಚು ನೋಡಿದೆ. ಏಳು ಹೊಲಿಗೆ, ಒಂದು ಅಡ್ಡ. ಮತ್ತೆ ಏಳು, ಒಂದು ಅಡ್ಡ. ತಲೆಯೆತ್ತಿ ಅವನ ಮುಖ ನೋಡಿದೆ. ನಾಚಿಕೆ ಎಂಬುದರ ಸುಳಿವೂ ಇರಲಿಲ್ಲ.

ಅಂದೇ ಸಂಜೆ ಮೆಟ್ಟು ರಿಪೇರಿಯ ನೆಪದಲ್ಲಿ ಕೇರಿಗೆ ಹೋಗಿ ಕೇಳಿದೆ. ವೆಂಕಟರತ್ನಮ್ಮನವರೇ ಹಿತ್ತಲ ಬಾಗಿಲಿಗೆ ಕರೆಸಿ ಹೊಸ ಪಟ್ಟಿ ಮಾಡಿಕೊಡು ಎಂದು ಹೇಳಿದರಂತೆ, ಗಂಡನಿಗೆ ಗೊತ್ತಿದ್ದೇ ಹೇಳಿದರಂತೆ. ಮುನಿಯಲ್ಲಪ್ಪ ನನ್ನ ಮೆಟ್ಟಿನ ಬಾರು ಬಿಗಿಯುತ್ತಾ ತಲೆ ಎತ್ತದೆ ಅಂದ:

“ಮೊದಲ್ನೇದು ನನ್ನ ಕೆಲಸ ಅಂತ ಹೇಳಬ್ಯಾಡಿ ಅಂದಿದ್ದೆ ಮೇಷ್ಟ್ರೇ. ಇದು ನನ್ನ ಕೈಕೆಲಸ. ಇದನ್ನ ಯಾರಿಗ್ ಬೇಕಾದ್ರೂ ಹೇಳಿ.”

ನಾನು ಯಾರಿಗೂ ಹೇಳಲಿಲ್ಲ. ಕೋದಂಡರಾಮಪ್ಪನ ಮನೆಯ ಮಜ್ಜಿಗೆ ಇನ್ನೂ ಒಂಬತ್ತು ವರ್ಷ ಕುಡಿದೆ. ಅವನನ್ನು ಚಟ್ಟದ ಮೇಲೆ ಮಲಗಿಸಿದಾಗ ಗಡಿಯಾರ ಬಿಚ್ಚಿದರು, ಮಣಿಕಟ್ಟಿನಲ್ಲಿ ಪಟ್ಟಿಯಿದ್ದಷ್ಟು ಜಾಗ ಬೆಳ್ಳಗಿತ್ತು. ಮುನಿಯಲ್ಲಪ್ಪ ಬೇಲಿಯ ಆಚೆ ನಿಂತು ನೋಡುತ್ತಿದ್ದ. ಈಗ ಇಬ್ಬರೂ ಇಲ್ಲ. ಮುನಿಯಲ್ಲಪ್ಪ ಹೇಳಿ ಅಂದದ್ದನ್ನು ನಾನು ಈಗ ಹೇಳುತ್ತಿದ್ದೇನೆ.