ಬಿಸಿಲಿನಲ್ಲಿ ಓದಿಸಿದವರು

“ಓದಪ್ಪ,” ಎಂದು ಅವರು ತೋಳು ಮಡಚಿ ಮಣಿಕಟ್ಟನ್ನು ನನ್ನ ಮೂಗಿನ ಹತ್ತಿರ ತಂದರು. ನಡುಮಧ್ಯಾಹ್ನ. ಕಾರ್ಖಾನೆಯ ತಾರಸಿ ಚಪ್ಪಲಿಯನ್ನೂ ದಾಟಿ ಸುಡುತ್ತಿತ್ತು. ವಾಚಿನ ಗಾಜಿನಲ್ಲಿ ನನಗೆ ಕಂಡದ್ದು ನನ್ನದೇ ಹುಬ್ಬು.

“ಎಂಬತ್ತೆಂಟು... ಇಲ್ಲ ಸರ್, ಅರವತ್ತೆಂಟು ಇರಬಹುದು.”

“ಇರಬಹುದು ಅಂತ ಬರೆಯೋಕೆ ಕಾಲಂ ಇಲ್ಲ. ಕಾಣಲ್ಲ ಅಂತ ಬರಿ.”

ಕೆಲಸಕ್ಕೆ ಸೇರಿದ ಮೊದಲ ವಾರ ಅದು. ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾಗಿರುವ, ನಮ್ಮ ಪರದೆ ಪರೀಕ್ಷಾ ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಎದುರಿಗೆ ಸರ್ ಎಂದೂ ಬೆನ್ನ ಹಿಂದೆ ಬಿಸಿಲಣ್ಣ ಎಂದೂ ಕರೆಯುತ್ತಿದ್ದೆವು. ಎರಡನೆಯ ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಸರಪಟ್ಟಂತೆ ಕಾಣಲಿಲ್ಲ. ಕೈಗಡಿಯಾರಗಳು ಗಂಟೆಯನ್ನಷ್ಟೇ ತೋರಿಸುತ್ತಿದ್ದ ಕಾಲದಲ್ಲಿ ಬೂದುಬಣ್ಣದ ಪುಟ್ಟ ಪರದೆಗಳ ಮುಂದೆ ಕೂತು ವೃತ್ತಿ ಆರಂಭಿಸಿದ ಅವರು, ಆ ಪರದೆಗಳು ಹೆಜ್ಜೆ, ನಿದ್ದೆ, ನಾಡಿಬಡಿತಗಳನ್ನು ಬಣ್ಣಬಣ್ಣವಾಗಿ ತೋರಿಸುವ ಈ ಕಾಲದವರೆಗೆ, ಮೂವತ್ತೊಂದು ವರ್ಷ, ಒಂದೇ ಪ್ರಶ್ನೆಯನ್ನು ಹಿಡಿದು ದುಡಿದರು: ಹೊರಗೆ ಕಾಣುತ್ತದೆಯೇ?

ಪ್ರಶ್ನೆ ಸುಲಭದ್ದಲ್ಲ. ಹಳೆಯ ಬೂದು ಪರದೆ ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗುತ್ತಿತ್ತು, ಆದರೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಕಳಾಹೀನವಾಗಿ ಕೂರುತ್ತಿತ್ತು. ಬಣ್ಣದ ಪರದೆ ಕಪಾಟಿನಲ್ಲಿ ಮಿಂಚುತ್ತದೆ. ಬಿಸಿಲಿನಲ್ಲಿ ಕಾಣಬೇಕೆಂದರೆ ಮಾತ್ರ ಬ್ಯಾಟರಿಯನ್ನು ಗಟಗಟ ಕುಡಿಯುತ್ತದೆ. ಬೆಳಕು ಹೆಚ್ಚಿಸಿದರೆ ಬ್ಯಾಟರಿ ಬಾಳುವ ದಿನ ಕಡಿಮೆ, ದಿನ ಹೆಚ್ಚಿಸಿದರೆ ಬೆಳಕು ಕಡಿಮೆ. ನಮ್ಮ ವಿಭಾಗದ ಜಗಳಗಳೆಲ್ಲ ಇಷ್ಟರೊಳಗಿನವು.

ಅಳತೆಯ ಯಂತ್ರಗಳು ನಮ್ಮಲ್ಲಿದ್ದವು. ಅವು ಹೇಳಿದ್ದನ್ನು ಅವರು ಅರ್ಧ ಮಾತ್ರ ನಂಬುತ್ತಿದ್ದರು. ಕೊನೆಯ ಪರೀಕ್ಷೆ ಯಾವಾಗಲೂ ತಾರಸಿಯ ಮೇಲೆ, ಮೂವರಿಂದ: ಒಬ್ಬ ವಾಚಿನಲ್ಲಿ ಒಂದು ಅಂಕಿ ಇಡಬೇಕು, ಇನ್ನೊಬ್ಬ ಕಟ್ಟಿಕೊಳ್ಳಬೇಕು, ಮತ್ತೊಬ್ಬ ಓದಬೇಕು. ಅಂಕಿ ಇಟ್ಟವನು ಎಂದಿಗೂ ಓದಬಾರದು. ಈ ನಿಯಮ ಯಾವ ಕೈಪಿಡಿಯಲ್ಲೂ ಇರಲಿಲ್ಲ, ಅವರ ಬಾಯಲ್ಲಿತ್ತು.

ಅವರ ಅಂತಃಕರಣದ ಬಗ್ಗೆ ಹಲವರು ಈ ಸಂಪುಟದಲ್ಲಿ ಬರೆದಿರುತ್ತಾರೆ. ನನ್ನ ಪಾಲಿನದು ಇದು. ಅಪ್ಪ ತೀರಿಕೊಂಡ ಸುದ್ದಿ ನನಗೆ ಕೆಲಸದ ನಡುವೆ ಬಂತು. ಬೆಳಕು ಅಳೆಯುವ ಕತ್ತಲಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಂಟೆಯ ನಂತರ ಹೊರಬಂದಾಗ ಬಾಗಿಲ ಮೇಲೆ ‘ಅಳತೆ ನಡೆಯುತ್ತಿದೆ, ತೆರೆಯಬೇಡಿ’ ಎಂಬ ಫಲಕ ನೇತಾಡುತ್ತಿತ್ತು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಅವರು ಕೂತಿದ್ದರು. “ಮೂರು ಜನ ಬಂದಿದ್ರು, ಓಡಿಸ್ದೆ. ನಡಿ, ಬಸ್‌ಸ್ಟ್ಯಾಂಡ್‌ವರೆಗೂ ಬರ್ತೀನಿ,” ಎಂದರು.

ಅಂಥವರಿಗೆ ನಾನು ಮಾಡಿದ್ದನ್ನೂ ಬರೆಯದಿದ್ದರೆ ಈ ಲೇಖನ ಸುಳ್ಳಾಗುತ್ತದೆ.

ಮದುವೆಯಾಗದ ಅವರಿಗೆ ಮನೆಯೆಂದರೆ ಅಕ್ಕ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು, ಎಂಥ ಕೋಳಿಕಾಲಿನ ಬರಹವನ್ನೂ ಓದಬಲ್ಲೆನೆಂಬ ಬಿಂಕದವರು. ಅಕ್ಕನ ಹೃದಯ ದುರ್ಬಲವಾದಾಗ ವೈದ್ಯರು ದಿನವೂ ನಡೆಯಲು ಹೇಳಿದರು. ನಾಡಿ ನೂರಹತ್ತು ದಾಟಿದರೆ ಅಲ್ಲೇ ನಿಲ್ಲಬೇಕು ಎಂದೂ ಹೇಳಿದರು. ಬಿಸಿಲಣ್ಣ ನಮ್ಮ ಕಾರ್ಖಾನೆಯದೇ ವಾಚೊಂದನ್ನು ಅಕ್ಕನ ಕೈಗೆ ಕಟ್ಟಿದರು. ಅಕ್ಕ ನಡೆದರು. ಒಂದು ವರ್ಷ ಎಲ್ಲ ಚೆನ್ನಾಗಿತ್ತು.

ಆಮೇಲೆ ಡಬ್ಬದ ಮೇಲೆ ‘ಹದಿನಾಲ್ಕು ದಿನ ಚಾರ್ಜ್ ಬೇಡ’ ಎಂದು ಅಚ್ಚಾಗಬೇಕೆಂಬ ತೀರ್ಮಾನ ಮೇಲಿನಿಂದ ಬಂತು. ಇದ್ದ ಬ್ಯಾಟರಿ ಒಂಬತ್ತು ದಿನದ್ದು. ಬಿಸಿಲಿನಲ್ಲಿ ಪರದೆ ಬೀರುವ ಬೆಳಕನ್ನು ಅರ್ಧಕ್ಕಿಳಿಸಿದರು. ತಾರಸಿಯ ಪರೀಕ್ಷೆಯ ದಿನ ಬಿಸಿಲಣ್ಣ ಅಕ್ಕನೊಡನೆ ಆಸ್ಪತ್ರೆಗೆ ಹೋಗಿದ್ದರು. ಮೂರನೆಯವನು ರಜೆಯಲ್ಲಿದ್ದ. ಸಂಜೆಯೊಳಗೆ ವರದಿ ಬೇಕಿತ್ತು. ನೂರಹದಿನೆಂಟು ಎಂಬ ಅಂಕಿ ಇಟ್ಟವನು ನಾನು, ಓದಿದವನೂ ನಾನು. ಕಂಡಿತು. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಕಂಡಿತು. ‘ಸ್ಪಷ್ಟ’ ಎಂದು ಬರೆದು ಕಳಿಸಿದೆ.

ಮರುದಿನ ಅವರು ವರದಿಯನ್ನು ಎರಡು ಸಲ ಓದಿದರು.

“ಅಂಕಿ ಇಟ್ಟೋರು ಯಾರು?”

“ನಾನೇ ಸರ್.”

“ಓದಿದೋರು?”

“ಅದೂ ನಾನೇ,” ಎಂದೆ. ಅವರು ಬೈಯಲಿಲ್ಲ. ಗೇಟಿನ ಕಾವಲುಗಾರ, ಕ್ಯಾಂಟೀನಿನ ಅಡುಗೆಯಾಕೆ, ಲಾರಿ ಚಾಲಕ ಹೀಗೆ ಹತ್ತು ಜನರನ್ನು ತಾರಸಿಗೆ ಕರೆದೊಯ್ದರು. ಏಳು ಜನರಿಗೆ ಕಾಣಲಿಲ್ಲ. “ಏನ್ ಸರ್, ಆಫ್ ಆಗಿರೋ ವಾಚ್ ತೋರಿಸಿ ತಮಾಷೆ ಮಾಡ್ತೀರಾ?” ಎಂದು ಅಡುಗೆಯಾಕೆ ನಕ್ಕರು. ಬಿಸಿಲಣ್ಣ ಆ ಹತ್ತು ಉತ್ತರಗಳನ್ನು ಹಿಡಿದು ವ್ಯವಸ್ಥಾಪಕರ ಕೋಣೆಗೆ ಹೋದರು, ಹಿಂದೆ ನಾನೂ ಹೋದೆ.

“ಚಾರ್ಜ್ ನಿಲ್ಲಲ್ಲ ಅಂತ ಜನ ವಾಚ್ ವಾಪಸ್ ತರ್ತಾರೆ,” ಎಂದರು ವ್ಯವಸ್ಥಾಪಕರು, ಮೆತ್ತಗೆ, ತಿಳಿಹೇಳುವಂತೆ. “ಕಾಣಲ್ಲ ಅಂತ ಯಾರೂ ತರಲ್ಲ ಸರ್. ತಮ್ಮ ಕಣ್ಣೇ ಹೋಯ್ತು ಅಂದ್ಕೋತಾರೆ.”

ಬಿಸಿಲಣ್ಣನವರು ತಕರಾರಿನ ಟಿಪ್ಪಣಿ ಬರೆದರು. ಅದರಲ್ಲಿ ನನ್ನ ಹೆಸರಿಲ್ಲ. ‘ಪರೀಕ್ಷೆ ಕ್ರಮಬದ್ಧವಾಗಿ ನಡೆದಿಲ್ಲ, ಹೊಣೆ ನನ್ನದು’ ಎಂದಷ್ಟೇ ಇದೆ. ಟಿಪ್ಪಣಿ ಕಡತ ಸೇರಿತು. ಬೆಳಕಿನ ಹೊಸ ಹೊಂದಿಕೆ ಹೊಸ ವಾಚುಗಳಿಗೂ, ಅಪ್‌ಡೇಟ್ ಮೂಲಕ ಹಳೆಯವಕ್ಕೂ ಹೋಯಿತು. ಹಳೆಯವಕ್ಕೆ ಹೋದದ್ದು ಬಿಸಿಲಣ್ಣನವರಿಗೆ ತಿಂಗಳುಗಟ್ಟಲೆ ತಿಳಿಯಲಿಲ್ಲ. ಅಕ್ಕನ ಮಣಿಕಟ್ಟಿಗೂ ಹೋಗಿತ್ತು.

ಬಿಸಿಲಲ್ಲಿ ವಾಚು ಕಾಣುತ್ತಿಲ್ಲವೆಂದು ಅಕ್ಕ ಆಗ ಯಾರಿಗೂ ಹೇಳಲಿಲ್ಲ. ಕನ್ನಡಕ ಬದಲಾಯಿಸಿದರು. ಆಮೇಲೆ ತಾವೇ ಒಂದು ಉಪಾಯ ಕಂಡುಕೊಂಡರು: ನಡೆಯುತ್ತ ಎದೆ ಭಾರವಾದಾಗ ಯಾವುದಾದರೂ ಅಂಗಡಿಯ ನೆರಳಿಗೆ ಹೋಗುವುದು, ನಿಂತು ಸುಧಾರಿಸಿಕೊಳ್ಳುವುದು, ಆಮೇಲೆ ವಾಚು ನೋಡುವುದು. ಅಷ್ಟು ಹೊತ್ತಿಗೆ ನಾಡಿ ಇಳಿದಿರುತ್ತಿತ್ತು. ತೊಂಬತ್ತಾರು, ತೊಂಬತ್ತೆಂಟು. ಪರವಾಗಿಲ್ಲವೆಂದು ಮತ್ತೆ ಬಿಸಿಲಿಗಿಳಿಯುತ್ತಿದ್ದರು. ಎಂಟು ತಿಂಗಳು ಹೀಗೆ ನಡೆದವರು ಒಂದು ಬೆಳಗ್ಗೆ ಹನ್ನೊಂದು ಗಂಟೆಗೆ, ಜನ ಓಡಾಡುವ ಬೀದಿಯಲ್ಲಿ, ಕುಸಿದರು. ಹೃದಯ ಹೇಗೋ ಉಳಿಯಿತು, ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ತಮ್ಮನಿಗೆ ಅಕ್ಕ ಹೇಳಿದ್ದು ನನಗೂ ಕೇಳಿಸಿತು. “ನಿನ್ನ ವಾಚಿಂದೇನೂ ತಪ್ಪಿಲ್ಲ ಕಣೋ. ನನ್ನ ಕಣ್ಣೇ ಮಂಜಾಗಿದೆ.”

ಅಂದಿನಿಂದ ನಿವೃತ್ತಿಯವರೆಗೆ ಬಿಸಿಲಣ್ಣ ತಾರಸಿ ಹತ್ತಲಿಲ್ಲ. ಯಂತ್ರ ಹೇಳಿದ ಸಂಖ್ಯೆಗಳಿಗೆ ಸಹಿ ಹಾಕುತ್ತ, ಹತ್ತಿರ ಹೋದವರಿಗೆ ನಗುಮುಖ ತೋರಿಸುತ್ತ, ಉಳಿದ ಐದು ತಿಂಗಳನ್ನು ಕಳೆದರು. ಅವರು ಸೇವಾವಧಿಯಲ್ಲಿ ನಮಗೆ ಕಲಿಸಿದ ಯಾವುದೂ ಇಂದು ನಮ್ಮಲ್ಲಿ ನಡೆಯುತ್ತಿಲ್ಲ. ಇದನ್ನು ಅಭಿನಂದನೆಯ ಮಾತಾಗಿ ತಿರುಗಿಸುವ ಬಗೆ ನನಗೆ ತಿಳಿಯದು. ಅವರು ನೂರು ಕಾಲ ಬಾಳಲಿ, ಅವರ ಕೈಗೆ ಒಪ್ಪುವ ಕೆಲಸ ಸಿಗಲಿ ಎಂದು ಹಾರೈಸುತ್ತೇನೆ. ಹಾರೈಕೆಯಲ್ಲಿ ನಂಬಿಕೆಯಿದೆ ಎಂದು ಮಾತ್ರ ಹೇಳಲಾರೆ.

ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ವ್ಯವಸ್ಥಾಪಕರು ವಿಶೇಷ ಅನುಮತಿ ಕೊಟ್ಟಿದ್ದ ಒಂದು ವಾಚು ನನ್ನ ಕೈಯಲ್ಲಿತ್ತು. ಅದೊಂದಕ್ಕೆ ಮಾತ್ರ ಹಳೆಯ ಬೆಳಕು. ಇಡೀ ವೃತ್ತಿಜೀವನದಲ್ಲಿ ಒಬ್ಬರಿಗೆಂದು ನಿಯಮ ಸಡಿಲಿಸದ ಮನುಷ್ಯ ಬೇಡವೆನ್ನುತ್ತಾರೆಂದು ಹೆದರಿದ್ದೆ. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು.

ಅಕ್ಕ ಕಿಟಕಿಯ ಬಳಿ, ಕುರ್ಚಿಯಲ್ಲಿದ್ದರು. ಮುಂದಿನ ತಿಂಗಳಿಂದ ಊರುಗೋಲು ಹಿಡಿದು ಹೊರಗೆ ನಡೆಯಬಹುದೆಂದು ವೈದ್ಯರು ಹೇಳಿದ್ದರು. ಬಿಸಿಲಣ್ಣ ಅವರ ಮುಂದೆ ಮಂಡಿಯೂರಿ ಕೂತು ವಾಚಿನ ಪಟ್ಟಿ ಬಿಚ್ಚಿದರು.

“ಅಕ್ಕ, ಇದು ಕಾಣುತ್ತೆ. ನಾನೇ ಬಿಸಿಲಲ್ಲಿ ಹಿಡಿದು ನೋಡ್ತೀನಿ. ಕೈ ಕೊಡು.”

ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಬೇಡ ಕಣೋ. ನಾನಿನ್ನು ಹೊರಗೆ ಹೋಗಲ್ಲ.”