ಜೋಪಾನವಾಗಿ ಇಟ್ಟ ಪಾಸ್‌ಪೋರ್ಟ್

ಇವತ್ತು ಬೆಳಿಗ್ಗೆ ಕಾರಿನ ಕೀಲಿ ಖಡಕ್ ರೊಟ್ಟಿಯ ಡಬ್ಬಿಯಲ್ಲಿ ಸಿಕ್ಕಿತು. ನಗಬೇಡಿ, ಗಲ್ಫಿನ ನಮ್ಮ ಈ ಅಲ್ ವುಕೈರ್ ಮನೆಯಲ್ಲಿ ಇದಕ್ಕಿಂತ ವಿಚಿತ್ರ ಜಾಗಗಳಲ್ಲಿ ಸಾಮಾನುಗಳು ಸಿಕ್ಕಿವೆ. ನನ್ನ ಹೆಂಡತಿ ಶಾಂತಾ ಇಟ್ಟದ್ದನ್ನು ಮರೆಯುವವಳು. ನಾನೋ ಸೈಟಿನ ಸೇಫ್ಟಿ ಸೂಪರ್‌ವೈಸರ್, ಪ್ರತಿ ಹೆಲ್ಮೆಟ್ಟಿಗೂ ಒಂದು ಮೊಳೆ ಇರಬೇಕೆನ್ನುವ ಮನುಷ್ಯ. ಲಕ್ಷ್ಯವಿದ್ದರೆ ಮರೆವೇ ಇರದು ಎಂದು ಊಟಕ್ಕೆ ಬಂದವರಿಗೆಲ್ಲ ರೊಟ್ಟಿಯ ಜೊತೆ ಉಪದೇಶವನ್ನೂ ಬಡಿಸುತ್ತಿದ್ದೆ.

ಆರು ವರ್ಷದ ಹಿಂದೆ ಊರಲ್ಲಿ ಅವಳ ಅಪ್ಪ ತೀರಿಕೊಂಡರು. ನಮ್ಮಲ್ಲಿ ಮಣ್ಣು ಮಾಡುವುದು ಯಾರಿಗಾಗಿಯೂ ಬಹಳ ಹೊತ್ತು ಕಾಯುವುದಿಲ್ಲ. ಸಂಜೆಯ ವಿಮಾನಕ್ಕೆ ಟಿಕೆಟ್ ಸಿಕ್ಕಿತು, ಪಾಸ್‌ಪೋರ್ಟ್ ಸಿಗಲಿಲ್ಲ. ಕಳೆಯಬಾರದೆಂದು ಎಲ್ಲೋ ಜೋಪಾನವಾಗಿ ಇಟ್ಟಿದ್ದಳು. ಎಲ್ಲಿ ಎಂಬುದು ನೆನಪಾಗಲಿಲ್ಲ. ಕಪಾಟು, ಅಕ್ಕಿ ಚೀಲ, ದೇವರ ಜಗಲಿ ಎಲ್ಲ ತಡಕಾಡಿದೆವು. ಮಗಳ ಸ್ವೆಟರುಗಳ ನಡುವೆ ಅದು ಸಿಕ್ಕಾಗ ವಿಮಾನ ಹೋಗಿತ್ತು. ಮರುದಿನ ಅಪ್ಪನನ್ನು ಕುಣಿಯಲ್ಲಿ ಕೂರಿಸಿ ಬಂಧುಗಳು ಹಿಡಿ ಹಿಡಿ ಮಣ್ಣು ಹಾಕುವುದನ್ನು ಅವಳು ಫೋನಿನಲ್ಲಿ ನೋಡಿದಳು. ನಾನು ಪಕ್ಕದಲ್ಲಿ ನಿಂತು ಒಂದು ಮಾತು ಆಡಿದೆ.

"ಹೆತ್ತಪ್ಪನ ಮ್ಯಾಲೂ ನಿನಗ ಲಕ್ಷ್ಯ ಇಲ್ಲಲ್ಲ."



ಹೋದ ವರ್ಷ ಮಗಳನ್ನು ಡಾಕ್ಟರಿಗೆ ತೋರಿಸಿ ಎಂದು ಶಾಲೆಯಿಂದ ಚೀಟಿ ಬಂತು. ಪರೀಕ್ಷಿಸಿದ ಡಾಕ್ಟರು ಎಡಿಎಚ್‌ಡಿ ಎಂದಾಗ ನಾನು ನನ್ನ ಹರಕು ಹಿಂದಿಯಲ್ಲೇ ವಾದಕ್ಕಿಳಿದೆ. ಅದು ಕುಣಿದಾಡುವ ಗಂಡುಹುಡುಗರಿಗೆ ಬರುವಂಥದ್ದು, ನಮ್ಮ ಹುಡುಗಿ ಕೂತಲ್ಲಿ ಕೂತು ಮೂರು ತಾಸು ಚಿತ್ರ ಬರೆಯುತ್ತಾಳೆ ಎಂದೆ. ಮಲಯಾಳಿ ಡಾಕ್ಟರಮ್ಮ ಬೇಸರಿಸದೆ ಬಿಡಿಸಿ ಹೇಳಿದರು: ಗಮನ ಇಲ್ಲವೆಂದಲ್ಲ, ಬೇಕಾದಾಗ ಬೇಕಾದ ಕಡೆ ತಿರುಗಿಸುವುದು ಕಷ್ಟ; ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಸದ್ದಿಲ್ಲದೆ ಇರುತ್ತದೆ; ಸೋಮಾರಿತನವಲ್ಲ, ಬೆಳೆಸಿದವರ ತಪ್ಪೂ ಅಲ್ಲ. ದೊಡ್ಡವರಿಗೂ ಇರುತ್ತದೆಯೇ ಎಂದು ಶಾಂತಾ ಮೆಲ್ಲಗೆ ಕೇಳಿದಳು. ಇರುತ್ತದೆ, ಮನೆತನದಲ್ಲಿ ಬರುವುದೂ ಉಂಟು ಎಂದರು. ಎರಡು ತಿಂಗಳ ಮೇಲೆ ಅವಳನ್ನೂ ಪರೀಕ್ಷಿಸಿ, ಹೌದು ಎಂದರು.

ಆವತ್ತು ಬಿಸಿಲಲ್ಲಿ ನಿಂತ ಕಾರು ಕಾದ ಹಂಚಾಗಿತ್ತು. ಎಸಿ ಹಾಕಿ, ತಣ್ಣಗಾಗಲೆಂದು ಕೂತೆವು.

"ಅಪ್ಪನ ಮ್ಯಾಲ ನನಗ ಜೀವ ಇತ್ತರೀ," ಎಂದಳು. "ನೀವು ಹಂಗ ಅಂದ ಮ್ಯಾಲ, ಇರಲಿಲ್ಲೋ ಏನೋ ಅಂತ ನಾನೂ ನಂಬಿಬಿಟ್ಟಿದ್ದೆ."

ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿದಳು. ಅಷ್ಟರಿಂದ ಏನು ಸರಿಯಾಯಿತೋ ನನಗೆ ಈಗಲೂ ತಿಳಿಯದು.

ಇವತ್ತು ಶಾಲೆಯ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾಗ ಮಗಳ ಒಂದು ಕಾಲುಚೀಲ ಕಾಣಲಿಲ್ಲ. ನಾನೇ ಮೊಣಕಾಲೂರಿ ಮಂಚದ ಕೆಳಗೆ ತಲೆ ಹಾಕಿ ಹುಡುಕಿ ತೆಗೆದೆ. ಎದ್ದು ನೋಡಿದರೆ, ಶಾಂತಾ ಮಗಳನ್ನು ತನ್ನ ಬೆನ್ನ ಹಿಂದೆ ಸರಿಸಿಕೊಂಡು ನಿಂತಿದ್ದಳು. ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದಳು.